ಮುಳುಗಿದ ಹಡಗು, ತೇಲಿಬಿಟ್ಟ ದ್ವೇಷ

1918ರ ಜುಲೈ 20ರಂದು ಅಮೆರಿಕದ ಚಿತ್ರಮಂದಿರಗಳಲ್ಲಿ ಸುಮಾರು ಹನ್ನೆರಡು ನಿಮಿಷಗಳ ಒಂದು ಮೂಕಿ ಚಿತ್ರ ತೆರೆಕಂಡಿತು. ಹೆಸರು ‘ದ ಸಿಂಕಿಂಗ್ ಆಫ್ ದ ಲುಸಿಟಾನಿಯಾ’. ಆರಂಭದ ಒಂದೆರಡು ದೃಶ್ಯಗಳನ್ನೂ ನಡುವೆ ಬರುವ ಕೆಲವು ಭಾವಚಿತ್ರಗಳನ್ನೂ ಬಿಟ್ಟರೆ ಅದರಲ್ಲಿರುವುದೆಲ್ಲ ಕೈಯಿಂದ ಬರೆದ ಚಿತ್ರಗಳೇ. ಕಡಲು, ಹಡಗು, ಹೊಗೆ, ನೀರಿಗೆ ಹಾರುವ ಮನುಷ್ಯರು ಎಲ್ಲವೂ ಮಸಿಯಲ್ಲಿ ಮೂಡಿದವು. ಅನಿಮೇಷನ್ ಚರಿತ್ರೆಯ ಪುಸ್ತಕಗಳು ಈ ಚಿತ್ರವನ್ನು ಹೊಗಳುವುದಕ್ಕೆ ಬೇಸರಪಟ್ಟುಕೊಂಡದ್ದಿಲ್ಲ. ಇಪ್ಪತ್ತೈದು ಸಾವಿರ ಚಿತ್ರಗಳು, ಇಪ್ಪತ್ತೆರಡು ತಿಂಗಳ ದುಡಿಮೆ, ನಗಿಸುವುದಕ್ಕಷ್ಟೇ ಇದ್ದ ಮಾಧ್ಯಮವೊಂದು ಮೊದಲ ಬಾರಿಗೆ ದುರಂತವೊಂದನ್ನು ಗಂಭೀರವಾಗಿ ಕೈಗೆತ್ತಿಕೊಂಡ ಹೆಗ್ಗಳಿಕೆ ಎಂದೆಲ್ಲ ಬರೆಯಲಾಗಿದೆ. ಕಾಪಾಡಿಕೊಳ್ಳಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಅಮೆರಿಕ ಇದನ್ನು 2017ರಲ್ಲಿ ಸೇರಿಸಿತು.

ಈ ಹೊಗಳಿಕೆಯಲ್ಲಿ ಸುಳ್ಳೇನೂ ಇಲ್ಲ. ಆದರೆ ಹೊಗಳುವವರು ಒಂದು ಜಾಗದಲ್ಲಿ ಮಾತ್ರ ಬೇಗ ಬೇಗ ಹೆಜ್ಜೆ ಹಾಕಿ ದಾಟಿಬಿಡುತ್ತಾರೆ. ಅದು ಚಿತ್ರದ ಕೊನೆಯ ಬರಹ. ಮೂಕಿ ಚಿತ್ರಗಳಲ್ಲಿ ದೃಶ್ಯಗಳ ನಡುವೆ ತೆರೆಯ ಮೇಲೆ ಅಕ್ಷರಗಳು ಮೂಡುತ್ತಿದ್ದವಷ್ಟೆ. ಈ ಚಿತ್ರ ಮುಗಿಯುವುದು ಅಂಥದೊಂದು ಬರಹದಿಂದ. ಗುಂಡು ಹಾರಿಸಿದವನಿಗೆ ಜರ್ಮನಿಯ ದೊರೆ ಪದಕ ಕೊಟ್ಟಿದ್ದಾನೆ, ಹೀಗಿದ್ದೂ ‘ಹೂಣ’ರನ್ನು ದ್ವೇಷಿಸಬೇಡಿ ಎಂದು ನಮಗೆ ಹೇಳುತ್ತಾರೆ ಎಂಬುದು ಅದರ ತಾತ್ಪರ್ಯ. ಹನ್ನೆರಡು ನಿಮಿಷಗಳ ಶ್ರಮವೆಲ್ಲ ಹರಿದುಬಂದು ಸೇರುವುದು ಈ ಒಂದು ವಾಕ್ಯಕ್ಕೆ. ಹಾಗಾಗಿ ಚಿತ್ರವನ್ನು ಅಲ್ಲಿಂದಲೇ ಓದಬೇಕು ಎಂಬುದು ನನ್ನ ವಾದ.

ಮೊದಲು ನಡೆದದ್ದೇನೆಂದು ನೋಡೋಣ. 1915ರ ಮೇ 1ರಂದು ಬ್ರಿಟನ್ನಿನ ಪ್ರಯಾಣಿಕ ಹಡಗು ಲುಸಿಟಾನಿಯಾ ನ್ಯೂಯಾರ್ಕಿನಿಂದ ಲಿವರ್‌ಪೂಲಿಗೆ ಹೊರಟಿತು. ಮೊದಲ ಮಹಾಯುದ್ಧ ಶುರುವಾಗಿ ಒಂಬತ್ತು ತಿಂಗಳಾಗಿತ್ತು. ಅಮೆರಿಕ ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲ. ಮೇ 7ರ ಮಧ್ಯಾಹ್ನ ಐರ್ಲೆಂಡಿನ ದಕ್ಷಿಣ ಕರಾವಳಿಯ ಬಳಿ ಜರ್ಮನಿಯ ಯು-20 ಎಂಬ ಜಲಾಂತರ್ಗಾಮಿ ಅದಕ್ಕೆ ಟಾರ್ಪೆಡೊ ಹೊಡೆಯಿತು. ಹದಿನೆಂಟೇ ನಿಮಿಷಗಳಲ್ಲಿ ಆ ದೈತ್ಯ ಹಡಗು ಕಡಲ ತಳ ಸೇರಿತು. ಸುಮಾರು ಸಾವಿರದ ಇನ್ನೂರು ಜನ ಸತ್ತರು. ಅವರಲ್ಲಿ 128 ಮಂದಿ ಅಮೆರಿಕದವರು. ಹೆಂಗಸರಿದ್ದರು, ಎಳೆಯ ಮಕ್ಕಳಿದ್ದರು. ಯುದ್ಧಕ್ಕೆ ಸಂಬಂಧವೇ ಇಲ್ಲದ ಪ್ರಯಾಣಿಕರನ್ನು ಎಚ್ಚರಿಕೆಯನ್ನೂ ಕೊಡದೆ ಹೀಗೆ ಮುಳುಗಿಸಿದ್ದು ಘೋರ ಅಪರಾಧ. ಇದರಲ್ಲಿ ಎರಡು ಮಾತಿಲ್ಲ. ಮುಂದೆ ನಾನು ಹೇಳುವ ಯಾವ ಮಾತನ್ನೂ ಆ ಅಪರಾಧಕ್ಕೆ ಸಮಜಾಯಿಷಿ ಎಂದು ಯಾರೂ ಓದಬಾರದು.

ಹಡಗು ಮುಳುಗುವುದನ್ನು ಯಾವ ಕ್ಯಾಮೆರಾವೂ ಹಿಡಿದಿರಲಿಲ್ಲ. ಆ ಖಾಲಿ ಜಾಗಕ್ಕೆ ಬಂದವರು ವಿನ್ಸರ್ ಮೆಕ್‌ಕೇ. ಅಮೆರಿಕದ ಪತ್ರಿಕೆಗಳಲ್ಲಿ 1905ರಿಂದ ‘ಲಿಟಲ್ ನೆಮೊ’ ಎಂಬ ಚಿತ್ರಕಥೆ ಬರೆದು ಮನೆಮಾತಾಗಿದ್ದ ಕಲಾವಿದ ಅವರು. 1911ರಲ್ಲಿ ಆ ನೆಮೊನನ್ನೇ ತೆರೆಯ ಮೇಲೆ ಕುಣಿಸಿದರು. 1914ರಲ್ಲಿ ‘ಗರ್ಟಿ’ ಎಂಬ ಡೈನೋಸಾರನ್ನು ಸೃಷ್ಟಿಸಿ, ರಂಗದ ಮೇಲೆ ತಾವೇ ನಿಂತು ಅದಕ್ಕೆ ಆಜ್ಞೆ ಕೊಡುತ್ತಿದ್ದರು. ತೆರೆಯ ಮೇಲಿನ ಪ್ರಾಣಿ ಅವರ ಮಾತು ಕೇಳಿದಂತೆ ಕಾಲೆತ್ತುತ್ತಿತ್ತು, ಬೈದರೆ ಅಳುತ್ತಿತ್ತು. ಜನ ಬೆರಗಾಗಿ ನೋಡುತ್ತಿದ್ದರು. ಗೆರೆಗೆ ಜೀವ ತುಂಬುವುದರಲ್ಲಿ ಆ ಕಾಲದಲ್ಲಿ ಅವರಿಗೆ ಸಾಟಿ ಯಾರೂ ಇರಲಿಲ್ಲ.

ಆದರೆ ಹೊಟ್ಟೆಪಾಡಿಗೆ ಅವರು ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಎಂಬ ಪತ್ರಿಕಾ ಧಣಿಯ ನೌಕರ. ಹಾಸ್ಯದ ಚಿತ್ರಕಥೆಗಳನ್ನು ಬಿಟ್ಟು ಸಂಪಾದಕೀಯಗಳಿಗೆ ಗಂಭೀರ ವ್ಯಂಗ್ಯಚಿತ್ರ ಬರೆಯಬೇಕೆಂಬ ಅಪ್ಪಣೆ ಅವರ ಮೇಲಿತ್ತು. ಹರ್ಸ್ಟ್ ಪತ್ರಿಕೆಗಳ ಧೋರಣೆ, ಅಮೆರಿಕ ಯುರೋಪಿನ ಯುದ್ಧದಿಂದ ದೂರ ಇರಬೇಕೆಂಬುದು. ಅದಕ್ಕೆ ಒಪ್ಪುವ ಚಿತ್ರಗಳನ್ನು ಮೆಕ್‌ಕೇ ಹಗಲು ಬರೆದುಕೊಟ್ಟರು. ತಮ್ಮ ಸ್ವಂತ ಸಮಯದಲ್ಲಿ, ಸ್ವಂತ ಹಣದಲ್ಲಿ ಈ ಸಿನಿಮಾ ಮಾಡಿದರು. ಅಂದರೆ ಈ ಚಿತ್ರವನ್ನು ಅವರಿಂದ ಯಾವ ಸರ್ಕಾರವೂ ಬರೆಸಲಿಲ್ಲ, ಯಾವ ಧಣಿಯೂ ಬರೆಸಲಿಲ್ಲ. ಮನಸ್ಸಿನ ಆಳದಿಂದ ಎದ್ದ ಸಿಟ್ಟು ಅದು. ದ್ವೇಷದ ಕಲೆಯೆಲ್ಲ ಬಾಡಿಗೆಯ ಕಲೆ ಎಂದು ನಂಬಿಕೊಂಡು ನೆಮ್ಮದಿಯಾಗಿರುವ ನಮಗೆ ಇದು ನುಂಗಲಾರದ ತುತ್ತು. ಪ್ರಾಮಾಣಿಕನಾದ ಕಲಾವಿದನೂ, ಯಾರ ಒತ್ತಾಯವೂ ಇಲ್ಲದೆ, ಒಂದು ಇಡೀ ಜನಾಂಗವನ್ನು ದ್ವೇಷಿಸಿ ಎಂದು ಕರೆ ಕೊಡಬಲ್ಲ.

ಕೆಲಸ ನಡೆದ ಬಗೆಯನ್ನೂ ಹೇಳಬೇಕು. ಏಕೆಂದರೆ ಈ ಚಿತ್ರದ ಶಕ್ತಿ ಇರುವುದು ಅಲ್ಲಿಯೇ. ಗರ್ಟಿಯ ಕಾಲದಲ್ಲಿ ಪ್ರತಿಯೊಂದು ಹಾಳೆಯಲ್ಲೂ ಹಿನ್ನೆಲೆಯನ್ನು ಹೊಸದಾಗಿ ಬರೆಯಬೇಕಾಗಿತ್ತು. ಲುಸಿಟಾನಿಯಾಕ್ಕೆ ಮೆಕ್‌ಕೇ ಮೊದಲ ಬಾರಿಗೆ ಪಾರದರ್ಶಕ ಸೆಲ್ಯುಲಾಯ್ಡ್ ಹಾಳೆಗಳನ್ನು ಬಳಸಿದರು. ಹಿನ್ನೆಲೆ ಕೆಳಗೆ ಹಾಗೆಯೇ ಇರುತ್ತದೆ, ಚಲಿಸುವ ಭಾಗವನ್ನು ಮಾತ್ರ ಮೇಲಿನ ಹಾಳೆಯಲ್ಲಿ ಬದಲಿಸಿದರೆ ಸಾಕು. ಜಾನ್ ಫಿಟ್ಜ್‌ಸಿಮನ್ಸ್ ಮತ್ತು ಹಳೆಯ ಗೆಳೆಯ ಆಪ್‌ಥಾರ್ಪ್ ಆಡಮ್ಸ್ ನೆರವಿಗೆ ನಿಂತರು. ಅಲೆಗಳು ಏಳುವುದಕ್ಕೂ ಬೀಳುವುದಕ್ಕೂ ಹದಿನಾರು ಹಾಳೆಗಳ ಒಂದು ಸರಣಿ ಮಾಡಿಕೊಂಡು ಅದನ್ನೇ ಮತ್ತೆ ಮತ್ತೆ ತಿರುಗಿಸಿದರು. ಹಾಸ್ಯಚಿತ್ರದ ದಪ್ಪ ಗೆರೆಗಳನ್ನು ಬಿಟ್ಟು, ಸುದ್ದಿಚಿತ್ರದ ಕ್ಯಾಮೆರಾ ದೂರದಿಂದ ನೋಡಿದರೆ ಹೇಗೋ ಹಾಗೆ ಹಡಗನ್ನು ಬರೆದರು. ಬೂದುಬಣ್ಣದ ಕಡಲು, ದಟ್ಟ ಹೊಗೆ, ಓರೆಯಾಗುತ್ತಾ ಹೋಗುವ ಹಡಗು, ಅಂಚಿನಿಂದ ಉದುರುವ ಚುಕ್ಕೆಗಳಂಥ ಮನುಷ್ಯರು. ನೋಡುಗನ ಕಣ್ಣು ಇದು ಚಿತ್ರ ಎಂಬುದನ್ನು ಮರೆಯಬೇಕು, ಅದೇ ಉದ್ದೇಶ.

ಮರೆಸುವ ಕೆಲಸ ಗೆರೆಗಳಿಂದ ಮಾತ್ರ ನಡೆಯಲಿಲ್ಲ. ಚಿತ್ರದ ಆರಂಭದಲ್ಲಿ ಮೆಕ್‌ಕೇ ತಾವೇ ಕಾಣಿಸಿಕೊಳ್ಳುತ್ತಾರೆ. ಹರ್ಸ್ಟ್ ಪತ್ರಿಕೆಗಳ ಬರ್ಲಿನ್ ವರದಿಗಾರ ಅಗಸ್ಟಸ್ ಬೀಚ್ ಅವರಿಗೆ ಘಟನೆಯ ವಿವರ ಹೇಳುತ್ತಿರುವ ದೃಶ್ಯ ಅದು. ಆಮೇಲೆ ಬರುವ ಬರಹವೊಂದು, ಇಲ್ಲಿಂದ ಮುಂದೆ ನೀವು ನೋಡುತ್ತಿರುವುದು ಲುಸಿಟಾನಿಯಾ ಮುಳುಗಿದ್ದರ ಮೊದಲ ದಾಖಲೆ ಎಂದು ಘೋಷಿಸುತ್ತದೆ. ಗಮನಿಸಿ, ‘ದಾಖಲೆ’! ಘಟನೆಯನ್ನು ಕಣ್ಣಾರೆ ನೋಡದ ಒಬ್ಬ ಕಲಾವಿದ, ಘಟನೆ ನಡೆದು ಮೂರು ವರ್ಷಗಳ ಮೇಲೆ, ಕೋಣೆಯಲ್ಲಿ ಕೂತು ಬರೆದದ್ದನ್ನು ದಾಖಲೆ ಎಂದು ಕರೆಯುತ್ತಾನೆ. ‘ಸತ್ಯ ಘಟನೆಯನ್ನು ಆಧರಿಸಿದೆ’ ಎಂಬ ಸಾಲನ್ನು ಹಣೆಯ ಮೇಲೆ ಬರೆದುಕೊಂಡು ಬರುವ ಇಂದಿನ ಸಿನಿಮಾಗಳ ಮುತ್ತಜ್ಜ ಇದು.

ಹಾಗಾದರೆ ಆ ದಾಖಲೆಯಲ್ಲಿ ಏನಿದೆ? ಚಿತ್ರದಲ್ಲಿ ಹಡಗಿಗೆ ಎರಡು ಟಾರ್ಪೆಡೊಗಳು ಬಡಿಯುತ್ತವೆ. ಬ್ರಿಟಿಷ್ ಸರ್ಕಾರದ ವಿಚಾರಣೆ 1915ರಲ್ಲಿ ಹೇಳಿದ್ದೂ ಅದನ್ನೇ. ಆದರೆ ಯು-20ರ ದಿನಚರಿಯ ಪ್ರಕಾರ ಹಾರಿಸಿದ್ದು ಒಂದೇ ಟಾರ್ಪೆಡೊ, ಇಂದು ಚರಿತ್ರಕಾರರು ಒಪ್ಪುವುದೂ ಅದನ್ನೇ. ಎರಡನೆಯ ಸ್ಫೋಟ ನಡೆದದ್ದು ನಿಜ, ಆದರೆ ಅದು ಹಡಗಿನ ಒಳಗಿನಿಂದ. ಅದಕ್ಕೆ ಕಾರಣವೇನೆಂಬ ಬಗ್ಗೆ ಸಂಶೋಧಕರಲ್ಲಿ ಇವತ್ತಿಗೂ ಒಮ್ಮತವಿಲ್ಲ. ಹಡಗಿನ ಹೊಟ್ಟೆಯಲ್ಲಿ ಸುಮಾರು 42 ಲಕ್ಷ ಬಂದೂಕಿನ ತೋಟೆಗಳಿದ್ದವು. ಬ್ರಿಟಿಷ್ ಸೇನೆಗೆ ಹೋಗುತ್ತಿದ್ದ ಸರಕು ಅದು. ಜರ್ಮನ್ ರಾಯಭಾರ ಕಚೇರಿ, ಬ್ರಿಟಿಷ್ ಹಡಗುಗಳಲ್ಲಿ ಹೋಗುವವರು ಅಪಾಯಕ್ಕೆ ತಾವೇ ಹೊಣೆ ಎಂದು ಅಮೆರಿಕದ ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟಿತ್ತು. ತೋಟೆಗಳಿದ್ದವೆಂಬ ಕಾರಣಕ್ಕೆ ಮಗುವನ್ನು ಕೊಲ್ಲುವ ಹಕ್ಕು ಯಾರಿಗೂ ಬರುವುದಿಲ್ಲ. ಆದರೆ ದಾಖಲೆ ಎಂದು ಕರೆದುಕೊಂಡದ್ದು ತೋಟೆಗಳ ವಿಷಯದಲ್ಲಿ ಬಾಯಿ ಮುಚ್ಚಿಕೊಂಡರೆ ಅದನ್ನು ದಾಖಲೆ ಎನ್ನುವುದು ಹೇಗೆ?

ಇನ್ನು ಪದಕದ ಮಾತು. ಯು-20ರ ಕಪ್ತಾನ ವಾಲ್ಟರ್ ಶ್ವೀಗರನಿಗೆ ಜರ್ಮನಿಯ ದೊಡ್ಡ ಪದಕ ಸಿಕ್ಕಿದ್ದು ನಿಜ. ಅದು 1917ರ ಜುಲೈಯಲ್ಲಿ, ಅವನು ಅದುವರೆಗೆ ಮುಳುಗಿಸಿದ ಹಡಗುಗಳ ಒಟ್ಟು ತೂಕದ ಲೆಕ್ಕದ ಮೇಲೆ. ಲುಸಿಟಾನಿಯಾಕ್ಕಾಗಿ ಎಂದು ಕೊಟ್ಟದ್ದಲ್ಲ. ಚಿತ್ರ ತೆರೆಗೆ ಬರುವ ಹೊತ್ತಿಗೆ ಅವನು ತನ್ನ ಇನ್ನೊಂದು ಜಲಾಂತರ್ಗಾಮಿಯ ಜೊತೆ ಕಡಲಲ್ಲಿ ಸತ್ತು ಹತ್ತು ತಿಂಗಳಾಗಿತ್ತು. ಇನ್ನೊಂದು ಪದಕದ ಕಥೆಯೂ ಇದೆ. ಮ್ಯೂನಿಕ್ಕಿನ ಕಾರ್ಲ್ ಗ್ಯೋಟ್ಸ್ ಎಂಬ ಪದಕಶಿಲ್ಪಿ ಈ ಘಟನೆಯ ಬಗ್ಗೆ ಖಾಸಗಿಯಾಗಿ ಒಂದು ವ್ಯಂಗ್ಯದ ಪದಕ ಮಾಡಿದ್ದ. ಅದು ಬ್ರಿಟಿಷರ ಕೈಗೆ ಸಿಕ್ಕಿತು. ಅವರು ಅದನ್ನು ಲಕ್ಷಗಟ್ಟಲೆ ನಕಲು ಮಾಡಿಸಿ, ನೋಡಿ, ಜರ್ಮನರು ಹೆಣಗಳ ಮೇಲೆ ಹಬ್ಬ ಮಾಡುತ್ತಾರೆ ಎಂದು ಮಾರಿದರು. ಜರ್ಮನಿಯಲ್ಲಿ ಕೆಲವೇ ನೂರು ಜನ ನೋಡಿರಬಹುದಾಗಿದ್ದ ಒಂದು ಕೆಟ್ಟ ಅಭಿರುಚಿಯನ್ನು ಊರೂರಿಗೆ ಹಂಚಿದವರು ಅದನ್ನು ಖಂಡಿಸುತ್ತಿದ್ದವರೇ.

ಚಿತ್ರದ ಕೊನೆಯ ದೃಶ್ಯ ಎಲ್ಲರಿಗೂ ನೆನಪಿನಲ್ಲಿ ಉಳಿಯುವಂಥದು. ತಾಯಿಯೊಬ್ಬಳು ಮಗುವನ್ನು ನೀರಿನ ಮೇಲೆ ಎತ್ತಿ ಹಿಡಿಯಲು ಹೆಣಗುತ್ತಾ ಅಲೆಗಳ ಕೆಳಗೆ ಇಳಿಯುತ್ತಾಳೆ. ಈ ತಾಯಿ ಮೆಕ್‌ಕೇ ಅವರದೇ ಕಲ್ಪನೆಯಲ್ಲ. ಫ್ರೆಡ್ ಸ್ಪಿಯರ್ ಎಂಬ ಕಲಾವಿದ ಮಗುವನ್ನು ಅಪ್ಪಿಕೊಂಡು ಮುಳುಗುತ್ತಿರುವ ಹೆಣ್ಣನ್ನು ಬರೆದು, ಕೆಳಗೆ ಸೇನೆಗೆ ಸೇರಿ ಎಂಬ ಒಂದೇ ಪದ ಹಾಕಿದ ಭಿತ್ತಿಚಿತ್ರ ಅಷ್ಟರಲ್ಲಾಗಲೇ ಪ್ರಸಿದ್ಧವಾಗಿತ್ತು. ಆ ತಾಯಿಯನ್ನು ನೋಡಿ ಕರಗದವನು ಮನುಷ್ಯನೇ ಅಲ್ಲ. ಮೋಸ ಇರುವುದು ಕರಗುವುದರಲ್ಲಿ ಅಲ್ಲ, ಕರಗಿದ ಆ ಗಳಿಗೆಯನ್ನೇ ಕಾದು ಕೂತು ಮುಂದಿನ ಬರಹವನ್ನು ತೋರಿಸುವುದರಲ್ಲಿ. ಕಣ್ಣೀರು ಒರೆಸಿಕೊಳ್ಳುವ ಮೊದಲೇ ನೋಡುಗನ ಕೈಗೆ ಒಂದು ಹೆಸರು ಕೊಡಲಾಗುತ್ತದೆ. ಆ ಹೆಸರು ಶ್ವೀಗರನದಲ್ಲ. ಅದು ಕೈಸರನದೂ ಅಲ್ಲ. ‘ಹೂಣ’ ಎಂಬುದು ಆ ಹೆಸರು. ಅಂದರೆ ಇಡೀ ಜರ್ಮನ್ ಜನ.

ಈಗ ಆ ಬರಹವನ್ನು ಅದು ತೆರೆಯ ಮೇಲೆ ಮೂಡಿದ ಕಾಲಕ್ಕೆ ಹಿಡಿದು ನೋಡಿ. ಅಮೆರಿಕ 1917ರ ಏಪ್ರಿಲ್‌ನಲ್ಲಿ ಯುದ್ಧಕ್ಕೆ ಇಳಿದಿತ್ತು. ಅಲ್ಲಿ ಜರ್ಮನ್ ಮೂಲದ ಲಕ್ಷಾಂತರ ಕುಟುಂಬಗಳು ತಲೆಮಾರುಗಳಿಂದ ಬದುಕುತ್ತಿದ್ದವು. 1918ರ ಮಾರ್ಚಿಯಲ್ಲಿ ಬಾಸ್ಟನ್ ಸಿಂಫನಿ ವಾದ್ಯಮೇಳದ ನಿರ್ದೇಶಕ ಕಾರ್ಲ್ ಮುಕ್ ಅವರನ್ನು ಬಂಧಿಸಿ ಶಿಬಿರಕ್ಕೆ ಕಳಿಸಿದರು. ಏಪ್ರಿಲ್ 5ರಂದು ಇಲಿನಾಯ್ ರಾಜ್ಯದ ಕಾಲಿನ್ಸ್‌ವಿಲ್ ಎಂಬ ಊರಿನಲ್ಲಿ ರಾಬರ್ಟ್ ಪ್ರಾಗರ್ ಎಂಬ ಜರ್ಮನ್ ಗಣಿ ಕಾರ್ಮಿಕನನ್ನು ಒಂದು ಗುಂಪು ಮನೆಯಿಂದ ಎಳೆತಂದಿತು. ಬರಿಗಾಲಲ್ಲಿ ಬೀದಿಯಲ್ಲಿ ನಡೆಸಿ, ಅಮೆರಿಕದ ಬಾವುಟ ಹೊದಿಸಿ, ದೇಶಭಕ್ತಿಗೀತೆ ಹಾಡಿಸಿ, ಕೊನೆಗೆ ಮರಕ್ಕೆ ನೇಣು ಹಾಕಿತು. ಈತ ಅಮೆರಿಕದ ನೌಕಾಪಡೆ ಸೇರಲು ಅರ್ಜಿ ಹಾಕಿ, ಒಂದು ಕಣ್ಣು ಗಾಜಿನದೆಂಬ ಕಾರಣಕ್ಕೆ ತಿರಸ್ಕೃತನಾದವನು. ಹನ್ನೊಂದು ಮಂದಿಯ ಮೇಲೆ ಮೊಕದ್ದಮೆ ನಡೆಯಿತು. ಜೂನ್ ತಿಂಗಳ ಆರಂಭದಲ್ಲಿ ಹನ್ನೊಂದು ಮಂದಿಯೂ ಖುಲಾಸೆಯಾದರು.

ಮೇ 23ರಂದು ಅಯೋವಾ ರಾಜ್ಯದ ಗವರ್ನರ್ ಒಂದು ಘೋಷಣೆ ಹೊರಡಿಸಿದ. ಶಾಲೆಯಲ್ಲಿ, ರೈಲಿನಲ್ಲಿ, ಸಾರ್ವಜನಿಕ ಜಾಗದಲ್ಲಿ, ಟೆಲಿಫೋನಿನಲ್ಲಿ, ಅಷ್ಟೇ ಏಕೆ, ದೇವರ ಪ್ರಾರ್ಥನೆಯಲ್ಲೂ ಇಂಗ್ಲಿಷನ್ನು ಬಿಟ್ಟು ಬೇರೆ ಭಾಷೆ ಆಡಕೂಡದು! ಮನೆಯಲ್ಲಿ ಬ್ಯಾರಿಯೋ ತುಳುವೋ ಉರ್ದುವೋ ಕೊಂಕಣಿಯೋ ಆಡಿ, ಬಸ್ಸಿನಲ್ಲೂ ಅದನ್ನೇ ಮುಂದುವರಿಸುವ ನಮ್ಮ ನಾಡಿನ ಜನಕ್ಕೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧ ಮುಗಿದರೂ ಈ ಹುಚ್ಚು ನಿಲ್ಲಲಿಲ್ಲ. ನೆಬ್ರಾಸ್ಕ ರಾಜ್ಯ 1919ರಲ್ಲಿ ಎಳೆಯ ಮಕ್ಕಳಿಗೆ ಇಂಗ್ಲಿಷಲ್ಲದ ಭಾಷೆ ಕಲಿಸುವುದನ್ನು ಅಪರಾಧ ಮಾಡಿತು. ಹತ್ತು ವರ್ಷದ ಹುಡುಗನಿಗೆ ಜರ್ಮನ್ನಿನಲ್ಲಿ ಬೈಬಲ್ ಕಥೆ ಓದಿಸಿದ ರಾಬರ್ಟ್ ಮೆಯರ್ ಎಂಬ ಮೇಷ್ಟ್ರಿಗೆ ದಂಡ ಬಿತ್ತು. ಆ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 1923ರಲ್ಲಿ.

ಇದೆಲ್ಲ ಮೆಕ್‌ಕೇ ಚಿತ್ರದಿಂದ ಆಯಿತೆಂದು ನಾನು ಹೇಳುತ್ತಿಲ್ಲ. ಪ್ರಾಗರನ ಕೊಲೆಯಾದ ಮೂರೂವರೆ ತಿಂಗಳ ಮೇಲೆ ಚಿತ್ರ ಬಂದದ್ದು. ನನ್ನ ಪ್ರಶ್ನೆ ಇರುವುದೇ ಅಲ್ಲಿ. ಬೀದಿಯಲ್ಲಿ ಮನುಷ್ಯನನ್ನು ನೇಣು ಹಾಕಿದವರು ಖುಲಾಸೆಯಾಗಿ ಮನೆಗೆ ಹೋದ ದೇಶದಲ್ಲಿ, ದ್ವೇಷಿಸಬೇಡಿ ಎಂದು ಹೇಳುತ್ತಿದ್ದವರು ಯಾರು? ಅವರು ಎಲ್ಲಿದ್ದರು? ಯುದ್ಧವನ್ನು ವಿರೋಧಿಸಿ ಜೂನ್ 16ರಂದು ಭಾಷಣ ಮಾಡಿದ ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ ಅದೇ ತಿಂಗಳ ಕೊನೆಗೆ ಬಂಧಿತರಾದರು. ಅವರಿಗೆ ಹತ್ತು ವರ್ಷಗಳ ಶಿಕ್ಷೆಯಾಯಿತು. ದ್ವೇಷ ಬೇಡ ಎಂದವನು ಜೈಲು ಸೇರಿದ್ದಾನೆ, ದ್ವೇಷಿಸುವವನು ಚಿತ್ರಮಂದಿರದಲ್ಲಿ ಕೂತಿದ್ದಾನೆ, ತೆರೆಯ ಮೇಲಿನ ಬರಹ ಮಾತ್ರ ನಮ್ಮನ್ನು ದ್ವೇಷಿಸಲು ಬಿಡುತ್ತಿಲ್ಲ ಎಂದು ಗೋಳಾಡುತ್ತದೆ! ಬಲಶಾಲಿಗಳು ತಮ್ಮನ್ನೇ ತುಳಿಯಲಾಗುತ್ತಿದೆ ಎಂದು ಅಳುವುದು ಪ್ರಚಾರದ ಅತ್ಯಂತ ಹಳೆಯ ಹುನ್ನಾರ. ಹೊಡೆಯುವ ಮೊದಲು ಅಳಬೇಕು, ಆಗ ಹೊಡೆತ ಆತ್ಮರಕ್ಷಣೆಯ ಹಾಗೆ ಕಾಣುತ್ತದೆ.

ಇನ್ನೊಂದು ಸಿನಿಮಾದ ಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ವಿಷಯ ಮತ್ತಷ್ಟು ನಿಚ್ಚಳವಾಗುತ್ತದೆ. ರಾಬರ್ಟ್ ಗೋಲ್ಡ್‌ಸ್ಟೈನ್ ಎಂಬ ನಿರ್ಮಾಪಕ 1917ರಲ್ಲಿ ‘ದ ಸ್ಪಿರಿಟ್ ಆಫ್ 76’ ಎಂಬ ಚಿತ್ರ ಮಾಡಿದ್ದ. ಅಮೆರಿಕದ ಸ್ವಾತಂತ್ರ್ಯ ಹೋರಾಟದ ಕಥೆ. ಬ್ರಿಟಿಷ್ ಸೈನಿಕರು ಹೆಂಗಸರು ಮಕ್ಕಳ ಮೇಲೆ ನಡೆಸಿದ ಕ್ರೌರ್ಯ ಅದರಲ್ಲಿತ್ತು. ಬ್ರಿಟನ್ ಈಗ ಮಿತ್ರದೇಶ, ಅದರ ಮೇಲೆ ಸಿಟ್ಟು ಬರುವ ಹಾಗೆ ಮಾಡುವುದು ದೇಶದ್ರೋಹ ಎಂದು ಸರ್ಕಾರ ಚಿತ್ರವನ್ನು ಮುಟ್ಟುಗೋಲು ಹಾಕಿಕೊಂಡಿತು. 1918ರಲ್ಲಿ ಗೋಲ್ಡ್‌ಸ್ಟೈನ್‌ಗೆ ಹತ್ತು ವರ್ಷಗಳ ಸೆರೆವಾಸ ವಿಧಿಸಲಾಯಿತು. ಆಮೇಲೆ ಅದನ್ನು ಮೂರು ವರ್ಷಗಳಿಗೆ ಇಳಿಸಿದರು. ಒಂದೇ ದೇಶ, ಒಂದೇ ವರ್ಷ. ಬ್ರಿಟಿಷರ ಕೈಯಲ್ಲಿ ಸತ್ತ ಮಗುವನ್ನು ತೋರಿಸಿದವನು ಜೈಲಿಗೆ ಹೋದ. ಜರ್ಮನರ ಕೈಯಲ್ಲಿ ಸತ್ತ ಮಗುವನ್ನು ತೋರಿಸಿದವರಿಗೆ ಚಿತ್ರಮಂದಿರ ಸಿಕ್ಕಿತು. ಹಾಗಾದರೆ ಆ ಪ್ರಭುತ್ವಕ್ಕೆ ಕಾಳಜಿ ಇದ್ದದ್ದು ಮಗುವಿನ ಮೇಲೋ, ಕೊಂದವನ ಕುಲದ ಮೇಲೋ?

ಇಷ್ಟು ಹೇಳಿದ ಕೂಡಲೇ ಬರುವ ಆಕ್ಷೇಪಗಳು ಗೊತ್ತು. ಅದು ಯುದ್ಧಕಾಲ, ಇಂದಿನ ಅಳತೆಗೋಲಿನಿಂದ ಅಳೆಯಬಾರದು ಎನ್ನುತ್ತಾರೆ. ಡೆಬ್ಸ್ ಇದ್ದದ್ದೂ ಅದೇ ಕಾಲದಲ್ಲಿ. ಆ ಕಾಲದ ಅಳತೆಗೋಲೇ ಇವರನ್ನು ಅಳೆಯುವುದಕ್ಕೆ ಸಾಕು. ಕಲೆಯನ್ನು ಕಲೆಯಾಗಿ ನೋಡಿ ಎನ್ನುವವರು ಇನ್ನು ಕೆಲವರು. ಆಗಲಿ. ಆದರೆ ಆ ಬರಹವನ್ನು ಚಿತ್ರದ ಒಳಗೆ ಇಟ್ಟವರು ವಿಮರ್ಶಕರಲ್ಲ, ಕಲಾವಿದರೇ. ಹದಿನಾರು ಹಾಳೆಗಳ ಅಲೆಗೆ ಚಪ್ಪಾಳೆ ತಟ್ಟುವವರು, ಆ ಅಲೆ ನಮ್ಮನ್ನು ಯಾವ ದಡಕ್ಕೆ ಒಯ್ದು ಎಸೆಯಿತು ಎಂದೂ ಕೇಳಬೇಕಲ್ಲವೇ? ಅಪರಾಧ ನಡೆದದ್ದು ನಿಜವಲ್ಲವೇ ಎಂಬುದು ಮೂರನೆಯ ಆಕ್ಷೇಪ. ಮೂರರಲ್ಲೂ ಗಟ್ಟಿಯಾದದ್ದು ಇದು. ಹೌದು, ನಿಜ. ಅಪ್ಪಟ ಸುಳ್ಳಿನಿಂದ ಹುಟ್ಟಿಸಿದ ದ್ವೇಷ ಒಂದಲ್ಲ ಒಂದು ದಿನ ಬಯಲಾಗುತ್ತದೆ. ನಿಜವಾದ ಹೆಣವೊಂದರ ಮೇಲೆ ಕಟ್ಟಿದ ದ್ವೇಷಕ್ಕೆ ಆಯುಷ್ಯ ಹೆಚ್ಚು. ಅದನ್ನು ಪ್ರಶ್ನಿಸಿದವನು ಹೆಣಕ್ಕೆ ಅವಮಾನ ಮಾಡಿದಂತೆ ಕಾಣುತ್ತಾನೆ. ಪ್ರಚಾರಕರಿಗೆ ಬೇಕಾದದ್ದೂ ಅದೇ.

ಅದೇ ಹೊತ್ತಿಗೆ ಬ್ರಿಟನ್ನಿನ ನೌಕಾಪಡೆ ಜರ್ಮನಿಗೆ ಆಹಾರ ಹೋಗದಂತೆ ಕಡಲನ್ನು ಕಟ್ಟಿಹಾಕಿತ್ತು. ಹಸಿವಿನಿಂದಲೂ ಅದು ತಂದ ರೋಗಗಳಿಂದಲೂ ಲಕ್ಷಾಂತರ ನಾಗರಿಕರು ಸತ್ತರು. ಆ ದಿಗ್ಬಂಧನ ಪೂರ್ತಿ ತೆರವಾದದ್ದು ಯುದ್ಧ ನಿಂತು ಎಷ್ಟೋ ತಿಂಗಳಾದ ಮೇಲೆ, 1919ರಲ್ಲಿ. ಅಲ್ಲಿಯೂ ತಾಯಂದಿರಿದ್ದರು, ತೋಳಿನಲ್ಲಿ ಮಕ್ಕಳಿದ್ದವು. ಅವರ ಸಾವು ಹದಿನೆಂಟು ನಿಮಿಷಗಳಲ್ಲಿ ಆಗಲಿಲ್ಲ, ತಿಂಗಳುಗಟ್ಟಲೆ ಹಿಡಿಯಿತು. ಅವರಿಗಾಗಿ ಇಪ್ಪತ್ತೈದು ಸಾವಿರ ಚಿತ್ರಗಳನ್ನು ಯಾರೂ ಬರೆಯಲಿಲ್ಲ.

ಈ ಬಗೆಯ ಪ್ರಚಾರ ಕೊನೆಗೆ ಯಾರ ಮೇಲೆ ಬಿತ್ತು ಎಂಬುದನ್ನೂ ನೋಡಬೇಕು. ಜರ್ಮನರು ಸತ್ತ ಸೈನಿಕರ ಹೆಣಗಳನ್ನು ಕುದಿಸಿ ಕೊಬ್ಬು ತೆಗೆಯುವ ಕಾರ್ಖಾನೆ ನಡೆಸುತ್ತಿದ್ದಾರೆಂದು 1917ರಲ್ಲಿ ಬ್ರಿಟಿಷ್ ಪತ್ರಿಕೆಗಳು ಬರೆದವು. ಅದು ಆಧಾರವಿಲ್ಲದ ಕಥೆ ಎಂದು ಬ್ರಿಟಿಷ್ ಸರ್ಕಾರವೇ 1925ರಲ್ಲಿ ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಇದರ ಬೆಲೆ ತೆತ್ತವರು ಯಾರು ಗೊತ್ತೇ? ಯುರೋಪಿನ ಯಹೂದಿಗಳು. ಎರಡನೆಯ ಮಹಾಯುದ್ಧದಲ್ಲಿ ನಾಜಿಗಳ ಸಾವಿನ ಶಿಬಿರಗಳ ಸುದ್ದಿ ಹೊರಗೆ ಬಂದಾಗ, ಇದೂ ಕಳೆದ ಸಲದಂಥ ಕಟ್ಟುಕಥೆಯೇ ಇರಬೇಕು ಎಂದು ಅನುಮಾನಿಸಿದವರು ಬಹಳ ಮಂದಿ. ಒಂದು ತಲೆಮಾರಿಗೆ ಉತ್ಪ್ರೇಕ್ಷೆಯನ್ನು ಉಣಿಸಿದರೆ, ಮುಂದಿನ ತಲೆಮಾರು ಸತ್ಯವನ್ನೂ ಉಗುಳುತ್ತದೆ.

ಮೆಕ್‌ಕೇ ಅವರಿಗೆ ಇಪ್ಪತ್ತೆರಡು ತಿಂಗಳು ಬೇಕಾಯಿತು. ಚಿತ್ರ ತೆರೆಗೆ ಬಂದು ನಾಲ್ಕು ತಿಂಗಳು ತುಂಬುವ ಮೊದಲೇ, 1918ರ ನವೆಂಬರ್ 11ರಂದು, ಯುದ್ಧ ನಿಂತಿತು. ಕೈಗೆಲಸದ ನಿಧಾನವೇ ಆಗ ದ್ವೇಷಕ್ಕೆ ಒಂದು ಸಣ್ಣ ಅಡ್ಡಗಟ್ಟೆಯಾಗಿತ್ತು. ಇಂದು ಆ ಅಡ್ಡಗಟ್ಟೆಯಿಲ್ಲ. ಯಾರೂ ನೋಡದ ಘಟನೆಯ ಚಲಿಸುವ ಚಿತ್ರವನ್ನು ಕಂಪ್ಯೂಟರು ಕೆಲವು ನಿಮಿಷಗಳಲ್ಲಿ ಮಾಡಿಕೊಡುತ್ತದೆ. ಅದು ರಾತ್ರಿ ಬೆಳಗಾಗುವುದರೊಳಗೆ ನಮ್ಮೆಲ್ಲರ ಫೋನುಗಳಿಗೆ ಬಂದು ಕೂರುತ್ತದೆ. ಆದರೆ ಅದರ ವ್ಯಾಕರಣ 1918ರದೇ. ಮೊದಲು ಇದು ದಾಖಲೆ ಎಂಬ ಘೋಷಣೆ, ಆಮೇಲೆ ಒಬ್ಬ ತಾಯಿ, ಒಂದು ಮಗು, ಕೊನೆಗೆ ಒಂದು ಸಮುದಾಯದ ಹೆಸರು.

ಆದ್ದರಿಂದ ನೋಡುಗರಾದ ನಾವು ಕೇಳಬೇಕಾದ ಪ್ರಶ್ನೆ ಒಂದು: ಅಪರಾಧಿಯ ಹೆಸರು ಎಲ್ಲಿಗೆ ನಿಲ್ಲುತ್ತದೆ? ಮಾಡಿದವನಲ್ಲಿ, ಮಾಡಿಸಿದವನಲ್ಲಿ ನಿಂತರೆ ಅದು ನ್ಯಾಯದ ಬೇಡಿಕೆ. ಅಲ್ಲಿಂದ ಜಾರಿ ಅವನ ಭಾಷೆಗೆ, ಕುಲಕ್ಕೆ, ಧರ್ಮಕ್ಕೆ ಹರಡಿದರೆ ಅದು ಇನ್ನೊಂದು ಕಾಲಿನ್ಸ್‌ವಿಲ್‌ಗೆ ಸಿದ್ಧತೆ. ಈ ಪ್ರಶ್ನೆಯನ್ನು ನಮ್ಮ ಮೇಲೆ ಬರೆದ ಚಿತ್ರಗಳಿಗೆ ಮಾತ್ರ ಕೇಳಿದರೆ ಸಾಲದು. ನಮ್ಮವರ ನೋವನ್ನು ತೋರಿಸಿ ನಮ್ಮ ಕಣ್ಣು ತೇವ ಮಾಡುವ ಚಿತ್ರಗಳಿಗೂ ಕೇಳಬೇಕು. ಮೆಕ್‌ಕೇ ಅವರ ಚಿತ್ರ ಕಲಿಸುವುದು ಇದನ್ನೇ. ತಾಯಿ ಮಗುವಿನ ದೃಶ್ಯದಲ್ಲೇ ಅದು ನಿಂತುಬಿಟ್ಟಿದ್ದರೆ, ಆ ಸಾವಿರದ ಇನ್ನೂರು ಜನರಿಗೆ ಸಲ್ಲಿಸಿದ ಶ್ರದ್ಧಾಂಜಲಿಯಾಗಿ ಉಳಿಯುತ್ತಿತ್ತು. ಸೇರಿಸಿದ ಒಂದು ವಾಕ್ಯ ಅವರ ಸಾವನ್ನು ಬೇರೊಬ್ಬರ ಕೊರಳಿಗೆ ಹಗ್ಗವಾಗಿ ಹೊಸೆದುಕೊಟ್ಟಿತು. ಅನಿಮೇಷನ್ ಚರಿತ್ರೆಯನ್ನು ಬರೆಯುವವರು ಇನ್ನು ಮುಂದಾದರೂ ಆ ವಾಕ್ಯವನ್ನು ದಾಟಿಹೋಗದಿರಲಿ.